ಬಾಲ ಕತ್ತರಿಸಿದ ಗಂಟು

ನಲವತ್ತು ವರ್ಷದಿಂದ ನಾನು ಟೈಲರ್. ನೀರಿಗೂ ನನಗೂ ಇದ್ದ ಸಂಬಂಧವೆಂದರೆ ಇಸ್ತ್ರಿಗೆ ಮೊದಲು ಬಟ್ಟೆಗೆ ಚಿಮುಕಿಸುವುದು, ಅಷ್ಟೇ. ಮಗಳು ಮಾತ್ರ ದೊಡ್ಡ ಕೆರೆಯಲ್ಲಿ ಹಾಯಿದೋಣಿ ನಡೆಸುವವಳು. ಭಾನುವಾರದ ಪಂದ್ಯವನ್ನು ಗಡುವಿನೊಳಗೆ ಮುಗಿಸಿದರೆ ದೋಣಿಶಾಲೆಯಲ್ಲಿ ಪಾಠ ಹೇಳುವ ಕೆಲಸ. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಆಗಲೇ ಎರಡು ವರ್ಷ ಕಾದಿದ್ದಳು. ದೋಣಿಗೆ ಇಬ್ಬರು ಬೇಕು. ಜೊತೆಗಾತಿ ಸೋಮವಾರ ಮೆಟ್ಟಿಲಿನಿಂದ ಜಾರಿ ಕೈ ಮುರಿದುಕೊಂಡಳು.

"ನಾನು ಬರ್ತೀನಿ" ಎಂದೆ. ಮಗಳು ನನ್ನ ಹೊಟ್ಟೆ ನೋಡಿ ಸುಮ್ಮನಾದಳು. ಹೆಂಡತಿ ಸುಮ್ಮನಿರಲಿಲ್ಲ. "ಅರವತ್ತಕ್ಕೆ ಅರಳುಮರಳು ಅಂತಾರೆ. ನಿಮಗೆ ಎರಡು ವರ್ಷ ಮೊದಲೇ ಶುರುವಾಯ್ತು."

ಬೇರೆ ಯಾರೂ ಸಿಗಲಿಲ್ಲ. ಅಂಗಡಿಯ ಕಟಿಂಗ್ ಮೇಜಿನ ಮೇಲೆ ಮಗಳ ಪಾಠ ನಡೆಯಿತು. ಹಾಯಿ ಹೊತ್ತ ಕಂಬ ಕೂವೆ. ಹಾಯಿಯ ಕೆಳಗೆ ಆಚೀಚೆ ಬೀಸುವ ಅಡ್ಡಕೋಲು ಬೂಮ್. ತಲೆ ತಗ್ಗಿಸದವರಿಗೆ ಅದೇ ಬುದ್ಧಿ ಕಲಿಸುತ್ತದೆ. ಗಾಳಿ ಬರುವ ಕಡೆಗೆ ನೇರವಾಗಿ ಹೋಗಲಾಗದು, ಅಂಕುಡೊಂಕಾಗಿ ಹೋಗಬೇಕು. ನಮ್ಮ ಮಾವನವರ ಹತ್ತಿರ ಮಾತಾಡುವಾಗ ನಾನು ಅದನ್ನೇ ಮಾಡುತ್ತಿದ್ದೆ. ಶೀಟ್ ಎಂದರೆ ಬಟ್ಟೆಯಲ್ಲವಂತೆ, ಹಾಯಿಯನ್ನು ಎಳೆದು ಹಿಡಿಯುವ ಹಗ್ಗವಂತೆ. ಇದನ್ನು ಒಪ್ಪಲು ನನಗೆ ಒಂದು ದಿನ ಹಿಡಿಯಿತು.

ಗಂಟುಗಳು ಮಾತ್ರ ನೀರು ಕುಡಿದಷ್ಟು ಸುಲಭ. ಬೌಲೈನ್ ಎಂಬುದಕ್ಕೆ ಒಂದು ಕುಣಿಕೆ ಮಾಡಿ, ತುದಿಯನ್ನು ಅದರೊಳಗಿಂದ ಮೇಲೆ ತಂದು, ಹಗ್ಗದ ಹಿಂದೆ ಸುತ್ತಿಸಿ, ಮತ್ತೆ ಅದೇ ಕುಣಿಕೆಗೆ ಇಳಿಸಬೇಕು. ಮೂರನೇ ದಿನ ಕಣ್ಣು ಮುಚ್ಚಿ ಕಟ್ಟಿದೆ. "ನನ್ನದಕ್ಕಿಂತ ಚೆನ್ನಾಗಿದೆ ಅಪ್ಪಾ" ಎಂದಳು ಮಗಳು. ಹಿಗ್ಗಿ ಹೀರೇಕಾಯಿಯಾದೆ.

ಭಾನುವಾರ ಬೆಳಿಗ್ಗೆ ಮುಂದಿನ ಚಿಕ್ಕ ಹಾಯಿಯ ಮೂಲೆಗೆ ಹಗ್ಗ ಕಟ್ಟುವುದನ್ನು ನನಗೇ ಬಿಟ್ಟಳು. ಕಟ್ಟಿದೆ. ಗೇಣುದ್ದ ತುದಿ ನೇತಾಡುತ್ತಿತ್ತು. ನೂಲು ನೇತಾಡುವ ಒಂದು ಅಂಗಿಯೂ ನನ್ನ ಅಂಗಡಿಯಿಂದ ಹೊರಗೆ ಹೋಗಿಲ್ಲ. ಜೇಬಿನಲ್ಲಿ ಕತ್ತರಿ ಇತ್ತು. ಗಂಟಿನ ಬುಡಕ್ಕೇ ಕತ್ತರಿಸಿದೆ. ನೋಡಲು ಲಕ್ಷಣವಾಗಿತ್ತು.

ಎರಡು ಸುತ್ತು ನಾವು ನಾಲ್ಕನೆಯವರು. ಕೊನೆಯ ತಿರುವು ದಾಟಿ, ದಡಕ್ಕೆ ನೇರ ಓಟವಷ್ಟೇ ಉಳಿದಾಗ ಹಾಯಿ ಪಟಪಟ ಬಡಿದು ಗಂಟು ಬಿಚ್ಚಿಕೊಂಡಿತು. ಹಗ್ಗ ನನ್ನ ಕೈಯಲ್ಲಿ, ಹಾಯಿ ಗಾಳಿಯಲ್ಲಿ.

"ತುದಿ ಎಲ್ಲಪ್ಪಾ?"

"ಕತ್ತರಿಸಿದೆ."

"ಯಾಕೆ?"

"ಚೆನ್ನಾಗಿ ಕಾಣ್ಲಿ ಅಂತ."

"ಎಳೆತಕ್ಕೆ ಗಂಟು ಒಂಚೂರು ಜಾರತ್ತೆ. ಅದಕ್ಕೇ ಅಪ್ಪಾ ಆ ತುದಿ ಬಿಡೋದು."

ಬೈದಿದ್ದರೆ ಚೆನ್ನಾಗಿತ್ತು. ಅವಳು ಚುಕ್ಕಾಣಿ ಹಿಡಿದು ದಡ ನೋಡುತ್ತಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವನು ನಾನು, ಉಣ್ಣಬೇಕಾದವಳು ಅವಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಮುಂದೆ ತೆವಳಿ, ಹಾರಾಡುತ್ತಿದ್ದ ಮೂಲೆಯನ್ನು ಹಿಡಿದೆ. ಮತ್ತೆ ಕಟ್ಟೋಣವೆಂದರೆ ಹಿಡಿಯುವುದಕ್ಕೇ ಎರಡೂ ಕೈ ಬೇಕಾಗಿತ್ತು.

"ಹಾಗೇ ಹಿಡ್ಕೋ. ಬಿಡ್ಬೇಡ."

"ಬಿಡಲ್ಲ."

ಹದಿನೆಂಟು ನಿಮಿಷ ಹಿಡಿದೆ. ಐದು ದೋಣಿಗಳು ನಮ್ಮನ್ನು ದಾಟಿ ಹೋದವು. ಒಬ್ಬ ಕೈ ಬೀಸಿದ, ನನಗೆ ತಿರುಗಿ ಬೀಸಲು ಕೈ ಇರಲಿಲ್ಲ. ಎಲ್ಲರಿಗಿಂತ ಕೊನೆಯಲ್ಲಿ, ಗಡುವಿಗೆ ಎರಡು ನಿಮಿಷ ಇರುವಾಗ ಗೆರೆ ದಾಟಿದೆವು. ತೀರ್ಪುಗಾರ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿದ.

"ಆಯ್ತಪ್ಪಾ. ಬಿಡು."

"ಬಿಡೋಕೆ ಬರ್ತಿಲ್ಲ."

ಬೆರಳುಗಳು ಮರಗಟ್ಟಿದ್ದವು. ಮಗಳು ಎದುರಿಗೆ ಮೊಣಕಾಲೂರಿ ಒಂದೊಂದೇ ಬೆರಳು ಬಿಡಿಸಿದಳು, ಬಲಗೈಯದು ಮುಗಿಸಿ ಎಡಗೈಯದು. ಅಳುತ್ತಿದ್ದಳು. ನಾನೂ ಅತ್ತೆ. ಕೊನೆಯ ಬೆರಳು ಬಿಟ್ಟಾಗ ಹಾಯಿ ಮತ್ತೆ ಗಾಳಿಗೆ ಹಾರಿತು. ಇಬ್ಬರೂ ಹಿಡಿಯಲು ಹೋಗಲಿಲ್ಲ.