ಮಾವನ ಕೈಸನ್ನೆ

ಡ್ರೈಯರಿನಿಂದ ತೆಗೆದ ಈ ಟವೆಲ್ಲೂ ಬಿಸಿಯಾಗಿದೆ, ಮಡಿಸುವಾಗ ಅಂಗೈಗೆ ಬೆಕ್ಕಿನ ಹೊಟ್ಟೆಯಷ್ಟು ಹಿತ, ಕೆನ್ನೆಗೂ ಒಮ್ಮೆ ಒತ್ತಿಕೊಳ್ಳುತ್ತೇನೆ, ನೋಡುವವರು ಯಾರು, ಗಂಡ ಕೆಲಸಕ್ಕೆ ಹೊರಟಾಯಿತು, ಬಚ್ಚಲ ಬಾಗಿಲು ಇಷ್ಟೇ ಇಷ್ಟು ತೆರೆದಿದೆ, ಒಳಗೆ ಮಾವ, ಮಾವನ ಜೊತೆ ಮೀಯಿಸುವ ಆ ಯಂತ್ರ — ಮೆತ್ತನೆಯ ಎರಡು ರಬ್ಬರು ತೋಳು, ಕೆಳಗೆ ಚಕ್ರ, ಮುಖವಿರಬೇಕಾದಲ್ಲಿ ಒಂದು ಹಸಿರು ದೀಪ, ಮಾವ ಅದಕ್ಕೆ ಡುಮ್ಮ ಅಂತ ಹೆಸರಿಟ್ಟಿದ್ದಾರೆ. ಏ ಡುಮ್ಮಾ, ನಿಧಾನ ಕಣೋ, ಸಿಮೆಂಟ್ ಮೂಟೆ ಅಂದ್ಕೊಂಡ್ಯಾ ನನ್ನ. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು, ಆಯುಷ್ಯವೆಲ್ಲ ಎತ್ತಿ ಇಳಿಸಿದವರು, ಕಾಲು ಸೋತ ಮೇಲೆ ತಾವೇ ಎತ್ತಿ ಇಳಿಸುವ ಸರಕಾದರು, ಈಗ ಒಳಗೆ ನೀರು ಸುರಿಯುವ ಸದ್ದು, ಅವರ ಗೊಣಗಾಟ, ನಡುವೆ ಒಂದು ಸೀಟಿ, ಮಾವನಿಗೆ ಸೀಟಿ ಹೊಡೆಯಲು ಬರುತ್ತದೆಂದು ಈ ಮನೆಗೆ ಬಂದು ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಯಂತ್ರವನ್ನು ಬಳಸಿ ನೋಡಲೆಂದು ಕೊಟ್ಟ ಗಡುವು ಇವತ್ತಿಗೆ ಮುಗಿಯಿತು, ಕಂಪನಿಯವನು ಇನ್ನೇನು ಬರುತ್ತಾನೆ, ಇಟ್ಕೊಳ್ತೀರೋ, ವಾಪಸ್ ತಗೊಂಡ್ಹೋಗ್ಲೋ ಎಂದು ಕೇಳುತ್ತಾನೆ. ದಿನಾ ನೋಡ್ಕೊಳ್ಳೋಳು ನೀನು, ನೀನೇ ಹೇಳ್ಬಿಡು, ಎನ್ನುತ್ತಾ ಗಂಡ ಶೂ ಮೆಟ್ಟಿ ಜಾರಿಕೊಂಡರು. ನಾದಿನಿ ನಿನ್ನೆ ಫೋನಿನಲ್ಲಿ, ಅಲ್ಲಾ ಅತ್ತಿಗೆ, ಅಪ್ಪನ್ನ ಮೆಷಿನ್ ಕೈಗೆ ಒಪ್ಪಿಸ್ಬಿಟ್ರಾ, ನಿಮ್ಮ ಕೈಯ ಬಿಸಿ ಅದಕ್ಕೆ ಎಲ್ಲಿಂದ ಬರ್ಬೇಕು. ಕೈಯ ಬಿಸಿ. ಆ ಮಾತು ಮನಸ್ಸಿಗೆ ಅಂಟಿಕೊಂಡಿತು, ಕಳಿಸಿಬಿಡೋಣ ಅಂತಲೇ ಬೆಳಿಗ್ಗೆ ಎದ್ದಿದ್ದೆ, ಚಳಿಗಾಲವೆಲ್ಲ ನಾನೇ ಮೀಯಿಸಲಿಲ್ಲವೇ, ಮಾವ ಒಂದು ದಿನವೂ ಗೊಣಗಲಿಲ್ಲ, ಕಣ್ಣು ಮುಚ್ಚಿ ಕೂರುತ್ತಿದ್ದರು, ಬಿಳಿ ತೊಟ್ಟಿಯ ಅಂಚಿನ ಮೇಲೆ ಬಲಗೈ ಮುಷ್ಟಿ ಕಟ್ಟಿ, ಜಾರುವ ಭಯ ಪಾಪ ಎಂದುಕೊಂಡು, ಬಿಡಿ ಮಾವ, ಬೀಳಲ್ಲ, ನಾನಿದೀನಲ್ಲ, ಎಂದು ಒಂದೊಂದೇ ಬೆರಳು ಬಿಡಿಸಿ ಸಂದಿಗೆ ಸೋಪು ಹಚ್ಚುತ್ತಿದ್ದೆ, ನನ್ನ ಕೈ ತೆಗೆದದ್ದೇ ತಡ ಅದು ಮತ್ತೆ ಮುಚ್ಚಿಕೊಳ್ಳುತ್ತಿತ್ತು —

ಇಲ್ನೋಡೋ ಡುಮ್ಮಾ, ಬೆರಳು ಮೇಲ್ಮಾಡಿ ತಿರುಗಿಸಿದ್ರೆ ಎತ್ತು, ಕೆಳಗ್ಮಾಡಿ ತಿರುಗಿಸಿದ್ರೆ ಇಳಿಸು, ಆಯುಷ್ಯಪೂರ್ತಿ ಕ್ರೇನ್ ಮೇಲೆ ಕೂತು ಕೆಳಗೆ ಸನ್ನೆ ಮಾಡೋನ ಕೈ ನೋಡ್ದೋನು ನಾನು, ನನ್ನ ಕೈ ನೋಡೋಕೆ ಈಗ ಒಬ್ಬ ಸಿಕ್ಕಿದೀಯ. ತೋರಿಸಿದ್ದನ್ನು ಕಲಿಯುತ್ತದೆ ಎಂದಿದ್ದನಲ್ಲ ಕಂಪನಿಯವನು, ನಗು ಬರುತ್ತದೆ, ಸಂದಿಯಲ್ಲಿ ಮಾವನ ಕೈ ಮಾತ್ರ ಕಾಣುತ್ತದೆ, ಒದ್ದೆ, ಹೊಳೆಯುತ್ತಿದೆ. ಮುಷ್ಟಿ ಕಟ್ಟಿದ್ನೋ, ನಿಂತ್ಬಿಡ್ಬೇಕು. ಏನೇ ಆಗ್ಲಿ. ಮುಷ್ಟಿ ಬಿಚ್ಚೋವರೆಗೂ ಮುಟ್ಬಾರ್ದು, ಬಂದರಲ್ಲಿ ಅದೇ ಕಾನೂನು. ಸರಿ, ಮುಷ್ಟಿ ಅಂದರೆ ನಿಲ್ಲುತ್ತೇನೆ, ಎನ್ನುತ್ತದೆ ಯಂತ್ರದ ನಯವಾದ ದನಿ. ಮುಷ್ಟಿ. ನೀರು ನಿಂತಿತು. ಬಿಚ್ಚಿದರು, ನೀರು. ಮತ್ತೆ ಮುಷ್ಟಿ, ಮತ್ತೆ ಮೌನ, ಆಮೇಲೆ ಮಾವನ ನಗು, ಹೊಟ್ಟೆಯಾಳದಿಂದ. ನನ್ನ ಕೈಯಲ್ಲಿ ಟವೆಲ್ಲು ಅರ್ಧ ಮಡಿಸಿದ್ದು ಅರ್ಧಕ್ಕೇ ನಿಂತಿದೆ.

ಚಳಿಗಾಲವೆಲ್ಲ. ಜಾರುವ ಭಯವಲ್ಲ ಅದು, ನಿಲ್ಲು ಎಂಬ ಸನ್ನೆ. ಒಂದೊಂದೇ ಬೆರಳು. ಎಷ್ಟು ಪ್ರೀತಿಯಿಂದ ಬಿಡಿಸಿದ್ದೆ — ಪ್ರೀತಿಯೇನೋ ಸುಳ್ಳಲ್ಲ, ಅದನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ, ನಾನೂ. ಟವೆಲ್ ಕೊಡಮ್ಮಾ, ಸಂದಿಯಿಂದ ಕೈ ಹೊರಗೆ ಚಾಚುತ್ತದೆ, ಅಂಗೈ ಬಿಚ್ಚಿ, ನಾನು ಮುಖ ತಿರುಗಿಸಿ ಕೊಡುತ್ತೇನೆ, ಆಹಾ, ಬೆಚ್ಚಗಿದೆಯಲ್ಲೇ, ಭೇಷ್. ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳುತ್ತೇನೆ, ಹೊರಗೆ ಕರೆಗಂಟೆ, ಕಂಪನಿಯವನೇ ಇರಬೇಕು, ಬಂದೇ, ಎನ್ನುತ್ತೇನೆ, ಇಲ್ಲೇ ಇರ್ಲಿ ಎಂದು ಹೇಳಿದರಾಯಿತು, ನಾದಿನಿಗೆ, ನನ್ನ ಸೊಂಟ ಹಿಡ್ಕೊಂಡಿದೆ ಕಣೇ, ಎತ್ತೋಕಾಗಲ್ಲ, ಗಂಡನಿಗೂ ಅದೇ ಸೊಂಟ, ಸೋಮಾರಿ ಅನ್ನಲಿ, ಕೈ ತೊಳಕೊಂಡಳು ಅನ್ನಲಿ, ಎರಡು ದಿನ ಅಂದು ಸುಮ್ಮನಾಗುತ್ತಾರೆ, ನನಗೆ ತಿಳಿಯಿತೆಂದು ಮಾವನಿಗಂತೂ ಗೊತ್ತಾಗಬಾರದು, ಗೊತ್ತಾದರೆ ಆ ಕಣ್ಣು ಮತ್ತೆ ಮುಚ್ಚಿಕೊಳ್ಳುತ್ತದೆ, ಸೀಟಿ ನಿಲ್ಲುತ್ತದೆ, ಸೊಂಟಕ್ಕೆ ಕೈ ಕೊಟ್ಟು ಒಮ್ಮೆ ನಡೆದು ನೋಡುತ್ತೇನೆ, ನೋವಿರುವವಳ ಹಾಗೇ ಇದೆ, ನಗು, ಮತ್ತೆ ಗಂಟೆ, ಬಂದೇ ಬಂದೇ, ಬಿಳಿ ತೊಟ್ಟಿಯ ಅಂಚು, ಸೋಪಿನ ನೊರೆ, ನೊರೆಯೊಳಗೆ ಆ ಮುಷ್ಟಿ —