ಬೆನ್ನಿಗೆ ಹೇಳಿದ ಮಾತು

ಲೆಟ್ಟಿ ಅಡುಗೆಮನೆಯಲ್ಲಿ ಶವಸಂಸ್ಕಾರದ ಊಟಕ್ಕೆ ಹಂದಿಮಾಂಸವನ್ನು ತೆಳ್ಳಗೆ ಕೊಯ್ಯುತ್ತಿದ್ದಾಗ ಬಟ್ಟೆ ಗಿರಣಿಯ ಹೆಂಗಸರು ಕದ ತಟ್ಟದೆ ಒಳಬಂದರು. ಮರದಟ್ಟೆಯ ಜೋಡುಗಳ ಸದ್ದು ಪುಟ್ಟ ಮನೆಯನ್ನೆಲ್ಲ ತುಂಬಿತು. ಮುಂದಿನ ಕೋಣೆಯಲ್ಲಿ, ಶವಪೆಟ್ಟಿಗೆಯೊಳಗೆ, ಅಮ್ಮ ಥಿರ್ಜಾ ಮಲಗಿದ್ದಳು.

"ಎಂಥಾ ಮಾತುಗಾತಿ ಹೋಗ್ಬಿಟ್ಲು!" ಎಂದಳು ಅಮ್ಮನ ಪಕ್ಕದ ಮಗ್ಗದ ಸ್ಯಾಲಿ. "ಮೇಸ್ತ್ರಿ ಆ ಕಡೆ ತಿರುಗಿದ್ರೆ ಸಾಕು, ಅವನ ನಡಿಗೆ ಅಣಕಿಸಿ ನಮ್ಮನ್ನ ನಗಿಸಿ ಸಾಯಿಸೋಳು."

ಲೆಟ್ಟಿ ಚಾಕು ಕೆಳಗಿಟ್ಟಳು. "ನಮ್ಮಮ್ಮನಾ? ಮನೇಲಿ ಬಾಯೇ ಬಿಡ್ತಿರ್ಲಿಲ್ಲ."

"ಮಗ್ಗದ ಗದ್ದಲದಲ್ಲಿ ಏನ್ ಕೇಳುತ್ತೆ ಹೇಳು? ತುಟಿ ನೋಡ್ಕೊಂಡೇ ನಮ್ಮ ಹರಟೆ. ಪಾಪ, ಇವಳಿಗೆ ಹೊರಗೂ ಅದೇ ಗತಿ ಆಯ್ತು. ಕಿವಿ ಪೂರ್ತಿ ಹೋಗಿ ಎಷ್ಟು ವರ್ಷ ಆಯ್ತೋ!"

"ಯಾರ ಕಿವಿ?"

ಹೆಂಗಸರು ಮುಖ ಮುಖ ನೋಡಿಕೊಂಡರು.

*

ಯುದ್ಧಕ್ಕೆ ಮುಂಚಿನ ಒಂದು ಭಾನುವಾರ. ಅಮ್ಮ ಗೋಡೆಗೆ ಮುಖಮಾಡಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು. ಲೆಟ್ಟಿ ಬಾಗಿಲಲ್ಲಿ ನಿಂತು ಆ ಬೆನ್ನಿಗೆ ಹೇಳಿದಳು: "ಲೀಡ್ಸ್‌ನಲ್ಲಿ ದೊಡ್ಡ ಮನೆ ಕೆಲಸಕ್ಕೆ ಕರೆದಿದಾರಮ್ಮ. ನಂಗೆ ಮನಸ್ಸಿಲ್ಲ. ಬೇಡ ಅಂತ ಒಂದು ಮಾತು ಹೇಳು, ಇಲ್ಲೇ ಇದ್ದುಬಿಡ್ತೀನಿ."

ನಾದುವ ಕೈ ನಿಲ್ಲಲಿಲ್ಲ. ಲೆಟ್ಟಿ ಕಾದಳು. ಮರುದಿನ ರೈಲು ಹತ್ತಿದಳು. ಆಮೇಲೆ ಕ್ರಿಸ್‌ಮಸ್ಸಿಗೆ ಬಂದರೂ ನೆಂಟರವಳಂತೆ ಕುರ್ಚಿಯ ತುದಿಯಲ್ಲಿ ಕೂತು ಹೋಗುತ್ತಿದ್ದಳು.

*

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ಆಣೆ ಹಾಕಿಸ್ಕೊಂಡಿದ್ಲು ಕಣೇ," ಎಂದಳು ಸ್ಯಾಲಿ. " ಗೊತ್ತಾದ್ರೆ ಹುಡುಗಿ ನನ್ನ ಬಿಟ್ಟು ಹೋಗಲ್ಲ, ಇದೇ ಗಿರಣಿಗೆ ಬಂದು ಬೀಳ್ತಾಳೆ ಅಂತ."

ಲೆಟ್ಟಿ ಆ ಭಾನುವಾರದ ಮಾತು ಹೇಳಿದಳು. "ಹಾಗಾದ್ರೆ ನಾನಂದಿದ್ದು ಅವಳಿಗೆ ಗೊತ್ತೇ ಆಗ್ಲಿಲ್ವಾ?"

"ಎಲ್ಲಿ ನಿಂತಿದ್ಲು?"

ಲೆಟ್ಟಿ ಮೇಜು ತೋರಿಸಿದಳು. ಸ್ಯಾಲಿ ಅದರ ಮೇಲಿನ ಗೋಡೆಯನ್ನೇ ನೋಡುತ್ತ ನಿಂತಳು. ಅಲ್ಲೊಂದು ಹಳೆಯ ಕನ್ನಡಿ ತೂಗುತ್ತಿತ್ತು. ಅದರಲ್ಲಿ ಬಾಗಿಲು ಕಾಣುತ್ತಿತ್ತು.

"ತಲೆ ಎತ್ತಿ ನೋಡಿದ್ಲಾ?"

"ಗೊತ್ತಿಲ್ಲ. ನಾನು ಅವಳ ಕೈ ನೋಡ್ತಿದ್ದೆ."

"ನೋಡಿದ್ರೂ ನೋಡಿರ್ಬಹುದು. ನೋಡದೇನೂ ಇರ್ಬಹುದು. ನಾನೇನಂತ ಹೇಳ್ಲಿ ಮಗಳೇ?"

ಬಡಗಿ ಮುಚ್ಚಳ ಹಿಡಿದು ಬಂದ. "ತಡಿಯಪ್ಪಾ," ಎಂದು ಲೆಟ್ಟಿ ಮುಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಮೇಲೆ ಬಗ್ಗಿದಳು. ಅಮ್ಮನ ಮುಖದೆದುರು ಅವಳ ತುಟಿಗಳು ಅಲುಗಿದವು, ನಿಂತವು, ಮತ್ತೆ ಅಲುಗಿದವು. ದನಿ ಹೊರಡಲಿಲ್ಲ. ಹಿಂದೆಯೇ ಬಂದು ಎದುರಿಗೆ ನಿಂತು ಆ ತುಟಿಗಳನ್ನೇ ನೋಡುತ್ತಿದ್ದ ಸ್ಯಾಲಿ ಥಟ್ಟನೆ ಗೋಡೆಯತ್ತ ತಿರುಗಿ ನಿಂತಳು.