ಗಡಿಗೊಂದು ದೀರ್ಘ

ನನ್ನ ಗಂಡನಿಗೆ ಊರಿನವರು ಇಟ್ಟ ಹೆಸರು ದೀರ್ಘಣ್ಣ. ಹೆತ್ತವರು ಇಟ್ಟ ಹೆಸರು ಹಿಡಿದು ಕರೆದರೆ ಅವರು ತಿರುಗಿಯೂ ನೋಡುವುದಿಲ್ಲ. ಗೋಡೆಗಳ ಮೇಲೆ, ಅಂಗಡಿ ಬೋರ್ಡುಗಳ ಮೇಲೆ ಅಕ್ಷರ ಬರೆಯುವುದು ನಮ್ಮಿಬ್ಬರ ಕೆಲಸ. ದಾರಕ್ಕೆ ನೀಲಿ ಪುಡಿ ಹಚ್ಚಿ ಗೆರೆ ಹೊಡೆಯುವುದು, ಸೀಮೆಸುಣ್ಣದಲ್ಲಿ ಅಕ್ಷರಗಳ ಹೊಟ್ಟೆ, ಅಂದರೆ ದುಂಡು ಭಾಗ, ಬಿಡಿಸುವುದು ನನ್ನ ಪಾಲು. ಬಣ್ಣ ತುಂಬುವುದು ಅವರದು. ತಲೆಕಟ್ಟನ್ನೂ ದೀರ್ಘವನ್ನೂ ಮಾತ್ರ ನನ್ನ ಕೈಗೆ ಬಿಡುವುದಿಲ್ಲ. ಇಡೀ ಸಾಲು ಮುಗಿದ ಮೇಲೆ ಸಣ್ಣ ಬ್ರಷ್ ತಗೊಂಡು, ಏಣಿಯ ಮೇಲೆ ಒಂಟಿ ಕಾಲಲ್ಲಿ ನಿಂತು, ಅಲ್ಲೊಂದು ಇಲ್ಲೊಂದು ದೀರ್ಘ ಎಳೆಯುತ್ತಾರೆ. ಎಳೆಯುವಾಗ ನಾಲಿಗೆಯ ತುದಿ ಹೊರಗೆ ಬಂದಿರುತ್ತದೆ. ಮಾತೂ ಹಾಗೇ, ಶುರುವಾದರೆ ಮುಗಿಯುವುದೇ ಇಲ್ಲ. ಹೆಸರು ಇಟ್ಟವರು ಸುಮ್ಮನೆ ಇಟ್ಟಿಲ್ಲ.

ಚುನಾವಣೆ ಬಂತೆಂದರೆ ನಮಗೆ ಊಟಕ್ಕೆ ಪುರಸೊತ್ತಿಲ್ಲ. ನಮ್ಮಲ್ಲಿ ಇರುವುದು ಎರಡೇ ಪಕ್ಷ, ಒಂದರ ಗುರುತು ಬೀಗ, ಇನ್ನೊಂದರದು ಬಕೆಟ್ಟು. ಬೀಗದವರಿಗೆ ಬೆಳಗಾದರೆ ಗಡಿ, ಸಂಜೆಯಾದರೆ ಶತ್ರು. ತಮ್ಮ ಕೈಯಲ್ಲಿ ಬೀಗದ ಕೈ ಇಲ್ಲದಿದ್ದರೆ ದೇಶದ ಬಾಗಿಲು ಹಾರು ಹೊಡೆದಿರುತ್ತದೆ ಎಂದು ಬೊಬ್ಬೆ. ಬಕೆಟ್ಟಿನವರು ಮೊದಲು ನಲ್ಲಿ ನೀರಿನ ಬಗ್ಗೆ ಮಾತಾಡುತ್ತಿದ್ದರು, ಪಾಪ. ಈ ಸಲ ಅವರೂ ಗಡಿಗೇ ಬಿದ್ದರು. ಬೀಗದವರ ಕಾಲದಲ್ಲೇ ಬೇಲಿ ತೂತಾಗಿದ್ದು, ನಾವು ಬಂದರೆ ಮುಚ್ಚುತ್ತೇವೆ ಎಂದು ಅವರ ಮೈಕೂ ಕಿರುಚತೊಡಗಿತು. ಹೀಗೆ ಊರಿನಲ್ಲಿ ನಲ್ಲಿ, ರಸ್ತೆ, ಬಸ್ಸು ಎನ್ನುವ ಪದಗಳೇ ಯಾರ ಬಾಯಲ್ಲೂ ಬಾರದಂತಾದವು.

ನಮ್ಮ ಅತ್ತೆ ಬೀಗದ ಕಡೆ. ಕಾರಣ ನನ್ನ ಮೈದುನ. ಅವನು ಗಡಿ ಕಾಯುವ ಸೈನಿಕ. ಅವನು ಪೆಟ್ಟಿಗೆ ಹೊತ್ತು ಹೊರಟ ದಿನದಿಂದ ಅತ್ತೆಗೆ ಮತ ಎನ್ನುವುದು ಮತವಾಗಿ ಉಳಿದಿಲ್ಲ.

"ನನ್ನ ವೋಟು ಅಂದ್ರೆ ನನ್ನ ಮಗನ ತಲೆ ಮೇಲಿನ ಹೆಲ್ಮೆಟ್ಟು ಕಣೇ" ಎನ್ನುತ್ತಿದ್ದರು. "ಅದನ್ನ ಬೇರೆಯವರಿಗೆ ಕೊಟ್ಟು ಆಮೇಲೆ ಏನಾದ್ರೂ ಆದ್ರೆ? ನಾನು ಬದುಕಿರ್ತೀನಾ?"

ರೈಲ್ವೆ ಸ್ಟೇಷನ್ನಿನಿಂದ ನಮ್ಮೂರಿಗೆ ಬರುತ್ತಿದ್ದ ಬಸ್ಸು ನಿಂತುಹೋದಾಗ ಊರಿಗೆ ಊರೇ ಅರ್ಜಿಗೆ ಸಹಿ ಹಾಕಿತು, ಅತ್ತೆ ಹಾಕಲಿಲ್ಲ. ಮಂಡಿನೋವಿಗೆ ಔಷಧಿ ತರಲು ದೊಡ್ಡ ರಸ್ತೆಯವರೆಗೆ ಕುಂಟುತ್ತಾ ಹೋಗಿ ಬರುವವರೇ ಅವರು. "ನನ್ನ ಮಗ ಅಲ್ಲಿ ಹಗಲೂ ರಾತ್ರಿ ನಿಂತಿರ್ತಾನೆ, ನಾನು ಇಷ್ಟು ದೂರ ನಡೆಯೋಕಾಗಲ್ವಾ?" ಎಂದು ಹಲ್ಲು ಕಚ್ಚಿ ನಡೆಯುವರು. ಬಸ್ಸು ಕೇಳಿದರೆ ಮಗನಿಗೆ ದ್ರೋಹ ಮಾಡಿದಂತೆ ಎಂದು ಅವರ ಲೆಕ್ಕ. ನನಗೆ ಸಿಟ್ಟು ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು.

ಮೈದುನನ ರಜೆ ಹಿಂದೆ ಎರಡು ಸಲ ಮಂಜೂರಾಗಿ ರದ್ದಾಗಿತ್ತು. ಗಡಿಯಲ್ಲಿ ಬಿಸಿ ಏರಿದೆ ಎಂದು ಟಿವಿಯವರು ಕೂಗಿದಾಗಲೆಲ್ಲ ರಜೆ ತಣ್ಣಗಾಗುತ್ತಿತ್ತು. ಎರಡನೆಯ ಸಲವಂತೂ ಅತ್ತೆ ಅವನ ಹಾಸಿಗೆ ಬಿಸಿಲಿಗೆ ಹಾಕಿ, ಹೊಸ ದಿಂಬಿನ ಚೀಲ ಹೊಲಿದು ಕಾದಿದ್ದರು. ಆಮೇಲೆ ಎಷ್ಟೋ ದಿನ ಆ ಹಾಸಿಗೆ ಸುತ್ತಿಡಲು ಯಾರಿಗೂ ಬಿಡಲಿಲ್ಲ. ಅದಕ್ಕೇ ಈ ಸಲ ಅವನು ರೈಲು ಹತ್ತಿದ ಮೇಲೆಯೇ ಅಣ್ಣನಿಗೆ ಫೋನ್ ಮಾಡಿದ. ಅದೂ ಎಂಥ ಹೊತ್ತಿಗೆ! ನಮ್ಮೆಜಮಾನರು ಬಸ್ ನಿಲ್ದಾಣದ ಹಿಂದಿರುವ ಹಳೆ ಗಿರಣಿಯ ಉದ್ದ ಗೋಡೆಯ ಮೇಲೆ ಬೀಗದವರ ಘೋಷಣೆ ಬರೆಯುತ್ತಿದ್ದರು. ಅಕ್ಷರಗಳ ಹೊಟ್ಟೆಗೆಲ್ಲ ಬಣ್ಣ ತುಂಬಿ, ತಲೆಕಟ್ಟು ದೀರ್ಘ ಮಾತ್ರ ಬಾಕಿ ಇತ್ತು. ನಾನು ಕೆಳಗೆ ಏಣಿ ಹಿಡಿದಿದ್ದೆ.

"ಅಣ್ಣಾ, ರೈಲು ಹತ್ತಿದ್ದೀನಿ! ನಾಳೆ ಬೆಳಗ್ಗೆ ಬಂದಿಳೀತೀನಿ. ಸ್ಟೇಷನ್ನಿಂದ ಊರಿಗೆ ಗಾಡಿ ಇದೆಯಾ? ಗಾಡಿ ಸಿಗುತ್ತಾ? ಅಮ್ಮಂಗೆ ಹೇಳ್ಬೇಡ ಮತ್ತೆ!"

"ಗಾಡಿ ಏನೋ ಒಂದು ಸಿಗುತ್ತೆ, ನೀನು ಬಾರೋ" ಎಂದು ಇವರು ಫೋನ್ ಜೇಬಿಗಿಟ್ಟರು. ಕಣ್ಣು ಒರೆಸಿಕೊಂಡರು. ನಕ್ಕರು. ಮತ್ತೆ ಒರೆಸಿಕೊಂಡರು. ಆಮೇಲೆ ಸಣ್ಣ ಬ್ರಷ್ ತಗೊಂಡು ಆ ಖುಷಿಯಲ್ಲೇ ಎಳೆದರು ನೋಡಿ ದೀರ್ಘ, ನನ್ನ ಜನ್ಮದಲ್ಲಿ ಅಷ್ಟು ಚೆಂದದ ದೀರ್ಘ ನೋಡಿಲ್ಲ. ಕತ್ತಲಾಗುತ್ತಿತ್ತು. ಏಣಿ ಹೆಗಲಿಗೇರಿಸಿ ಮನೆಗೆ ಬಂದೆವು.

ಬೆಳಿಗ್ಗೆ ಸ್ಟೇಷನ್ನಿಗೆ ಗಾಡಿ ಹುಡುಕುತ್ತಾ ಹೊರಟರೆ ಗಿರಣಿ ಗೋಡೆಯ ಮುಂದೆ ಜನವೋ ಜನ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಬರೆಯಬೇಕಾಗಿದ್ದುದು 'ಗಡಿ ಕಾಯುವವರನ್ನು ನಂಬಿ, ಬೀಗಕ್ಕೇ ಮತ ನೀಡಿ' ಎಂದು. ಗೋಡೆಯ ಮೇಲೆ ಇದ್ದುದು 'ಗಾಡಿ ಕಾಯುವವರನ್ನು ನಂಬಿ'. ಅದರ ಕೆಳಗಿನ ನಿಲ್ದಾಣದ ಬೆಂಚಿನ ಮೇಲೆ, ಯಾವುದಾದರೂ ವ್ಯಾನೋ ಟೆಂಪೋವೋ ಬಂದೀತೆಂದು ಚೀಲ ಹಿಡಿದು ಕುಳಿತ ಅದೇ ನಿತ್ಯದ ಮಂದಿ.

"ನಮ್ಮನ್ನ ನಂಬಿ ಅಂತ ಬರೆದಿದ್ದಾರಪ್ಪ!" ಎಂದು ತರಕಾರಿಯವಳು ಬುಟ್ಟಿ ತಟ್ಟಿ ನಕ್ಕಳು. "ನಾವು ಕಾಯೋದು ನಿಜ ತಾನೆ? ವರ್ಷ ಆಗ್ತಾ ಬಂತು ಕಾಯ್ತಾ!"

ಬೀಗದ ಪಕ್ಷದ ಸ್ಥಳೀಯ ಮುಖಂಡ ಜೀಪಿನಲ್ಲಿ ಬಂದ. ಮೈಕು ಕಂಡರೆ ಬಿಡದ ಆಸಾಮಿ, ಅದಕ್ಕೆ ಅವನನ್ನು ಎಲ್ಲರೂ ಮೈಕಾಸುರ ಎನ್ನುತ್ತಾರೆ. ಗೋಡೆ ನೋಡಿ ಕೆಂಡಾಮಂಡಲವಾದ.

"ಬಕೆಟ್ಟಿನವರು ಹೇಳಿ ಬರೆಸಿದ್ದಾ ಇದು? ದೇಶದ ಭದ್ರತೆ ಅಂದ್ರೆ ತಮಾಷೆನಾ ನಿಮಗೆ? ಮೊದಲು ಅಳಿಸ್ರೀ ಅದನ್ನ!"

ಇವರು ತಡಬಡಾಯಿಸುತ್ತಿದ್ದಾಗಲೇ ಗುಂಪು ಸರಿದು ದಾರಿ ಬಿಟ್ಟಿತು. ಅತ್ತೆ ಬಂದಿದ್ದರು. ಯಾರೋ ಹೋಗಿ ಮನೆಯ ಬಾಗಿಲಲ್ಲೇ ಸುದ್ದಿ ಊದಿದ್ದರು. ಅವರು ಗೋಡೆಯನ್ನು ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮುಖ ಸಣ್ಣದಾಯಿತು.

"ಲೋ, ಒಡಹುಟ್ಟಿದೋನ ಕೆಲಸವನ್ನ ಬೀದೀಲಿ ಗೇಲಿ ಮಾಡಿದೆಯಾ? ಹೇಗೆ ಮನಸ್ಸು ಬಂತೋ ನಿಂಗೆ?"

ನಾನು ಗಂಡನ ಮುಖ ನೋಡಿದೆ. ಅಷ್ಟು ಉದ್ದ ಮಾತಿನ ಮನುಷ್ಯ ಅವತ್ತು ಬರೀ ಜೇಬು ತಡಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಗೇಲಿ ಅಲ್ಲ ಅತ್ತೆ, ಖುಷಿ! ನಿಮ್ಮ ಮಗ ಬರ್ತಿದ್ದಾನೆ. ಇವರು ಬರೀವಾಗ್ಲೇ ಫೋನ್ ಮಾಡಿ ಗಾಡಿ ಸಿಗುತ್ತಾ, ಗಾಡಿ ಸಿಗುತ್ತಾ ಅಂತ ಕೇಳಿದ. ಕಿವಿಯಲ್ಲಿದ್ದಿದ್ದು ಕೈಗೆ ಬಂತು. ಅಷ್ಟೆ!"

"ಬರ್ತಿದ್ದಾನಾ?" ಎಂದರು. ನಂಬಿಕೆ ಇಲ್ಲ. ಎರಡು ಸಲ ಮೋಸ ಹೋದ ತಾಯಿ. "ಸುಳ್ಳು ಹೇಳ್ಬೇಡ ಕಣೇ. ಈ ಸಲ ಸುಳ್ಳಾದ್ರೆ ನಂಗೆ ತಡೆಯೋ ಶಕ್ತಿ ಇಲ್ಲ."

ಆಗ ಇವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಗಡಿಬಿಡಿಯಲ್ಲಿ ಇವರು ಎಲ್ಲಿ ಒತ್ತಿದರೋ ಏನೋ, ಮೈದುನನ ದನಿ ಗುಂಪಿಗೆಲ್ಲ ಕೇಳುವಷ್ಟು ಜೋರಾಗಿ ಹೊರಬಿತ್ತು.

"ಅಣ್ಣಾ, ಎಲ್ಲಿದ್ದೀಯೋ? ಸ್ಟೇಷನ್ ಹೊರಗೆ ಒಂದು ನರಪಿಳ್ಳೆ ಇಲ್ಲ. ಬಂದಾಗ್ನಿಂದ ಪೆಟ್ಟಿಗೆ ಮೇಲೆ ಕೂತು ಗಾಡಿ ಕಾಯ್ತಾ ಇದ್ದೀನಿ!"

ಎದ್ದಿತು ನೋಡಿ ನಗು, ಗಿರಣಿಯ ಸೂರಿನ ಪಾರಿವಾಳಗಳೆಲ್ಲ ಹಾರಿಹೋದವು. ಮೈಕಾಸುರನ ಡ್ರೈವರು ಸ್ಟೇರಿಂಗಿಗೆ ತಲೆ ಚಚ್ಚಿಕೊಂಡು ನಕ್ಕ. ಅತ್ತೆಯೊಬ್ಬರು ನಗಲಿಲ್ಲ. ಅವರು ಸೀದಾ ಜೀಪಿನ ಹತ್ತಿರ ಹೋಗಿ, ನೋವಿನ ಕಾಲನ್ನು ಎರಡೂ ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟು, ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟರು.

"ನಡಿಯಪ್ಪಾ."

"ಎಲ್ಲಿಗೆ ದೊಡ್ಡಮ್ಮ? ನಮಗೆ ಪ್ರಚಾರ ಇದೆ..." ಎಂದ ಮೈಕಾಸುರ.

"ಗಡಿ ಕಾಯೋರನ್ನ ನಂಬಿ ಅಂತ ನೀನೇ ತಾನೆ ಬರೆಸಿದ್ದು? ಗಡಿ ಕಾಯೋನು ಅಲ್ಲಿ ಗಾಡಿ ಕಾಯ್ತಾ ಕೂತಿದ್ದಾನೆ. ಇದಕ್ಕಿಂತ ದೊಡ್ಡ ಪ್ರಚಾರ ಇದೆಯೇನೋ ನಿಂಗೆ? ನಡಿ!"

ಅವನು ಮೈಕು ಎತ್ತಿಕೊಂಡು ಹತ್ತಿದ. ನಾವಿಬ್ಬರೂ ಹಿಂದೆ ತೂರಿಕೊಂಡೆವು. ಬಕೆಟ್ಟಿನವರಿಗೆ ಸುದ್ದಿ ತಲುಪದಿರುತ್ತದೆಯೇ? ಊರ ಹೊರಗೆ ಬರುವಷ್ಟರಲ್ಲಿ ಅವರ ವ್ಯಾನು ಧೂಳೆಬ್ಬಿಸಿಕೊಂಡು ನಮ್ಮ ಬೆನ್ನು ಹತ್ತಿತ್ತು. ಅದರ ಮೇಲಿದ್ದ ಪ್ಲಾಸ್ಟಿಕ್ ಬಕೆಟ್ಟು ಗಾಳಿಗೆ ಡಬಡಬ ಬಡಿದುಕೊಳ್ಳುತ್ತಿತ್ತು. ಎರಡೂ ಮೈಕು ಒಟ್ಟಿಗೆ ವೀರಯೋಧನಿಗೆ ಜೈ ಎನ್ನುತ್ತಿದ್ದವು. ನನಗೆ ನಗು, ಪಕ್ಕದಲ್ಲಿ ಗಂಡನಿಗೆ ಅಳು, ಅವರ ಅಳು ನೋಡಿ ನನಗೂ ಅಳು.

ವೀರಯೋಧ ಸ್ಟೇಷನ್ನಿನ ಮುಂದೆ ಪೆಟ್ಟಿಗೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದ. ಎರಡು ಗಾಡಿ, ಎರಡು ಮೈಕು ಒಮ್ಮೆಲೇ ಮೈಮೇಲೆ ಬಂದದ್ದು ನೋಡಿ ಗಾಬರಿಯಾಗಿ ಎದ್ದು ನಿಂತ. ಆಮೇಲೆ ಮುಂದಿನ ಸೀಟಿನಲ್ಲಿ ಅಮ್ಮ ಕಂಡರು. ಕೈಯಲ್ಲಿದ್ದ ಕಡಲೆಕಾಯಿಯೆಲ್ಲ ಚೆಲ್ಲಿತು. ಅತ್ತೆ ಅವನ ಮುಖ ಮುಟ್ಟಿದರು, ಕಿವಿ ಮುಟ್ಟಿದರು, ತೋಳು ಹಿಚುಕಿದರು. ಎಲ್ಲ ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆ ಬೆನ್ನಿಗೊಂದು ಗುದ್ದಿದರು.

"ಮೊದಲೇ ನಂಗೆ ಫೋನ್ ಮಾಡೋಕೇನೋ ರೋಗ ನಿಂಗೆ?"

ಯಾವ ಗಾಡಿ ಹತ್ತಬೇಕೆಂದು ಎರಡೂ ಪಕ್ಷದವರು ಅವನ ಎರಡೂ ಕೈ ಹಿಡಿದು ಎಳೆದಾಡಿದರು. ಕೊನೆಗೆ ಪೆಟ್ಟಿಗೆ ಬಕೆಟ್ಟಿನ ವ್ಯಾನಿನಲ್ಲಿ, ಅವನು ಬೀಗದ ಜೀಪಿನಲ್ಲಿ ಎಂದು ರಾಜಿಯಾಯಿತು. ಜೀಪು ಅರ್ಧ ದಾರಿ ಬಂದ ಮೇಲೆ ಮೈಕಾಸುರ ಮೈಕನ್ನು ಅವನ ಬಾಯಿಗಿಟ್ಟು, "ದೇಶ ಯಾರ ಕೈಯಲ್ಲಿ ಭದ್ರವಾಗಿದೆ, ಹೇಳಿ ಸಾರ್!" ಎಂದ. ಉತ್ತರವಾಗಿ ಮೈಕಿನಲ್ಲಿ ದಾರಿಗೆಲ್ಲ ಕೇಳಿದ್ದು ಗೊರಕೆ. ಅಮ್ಮನ ಭುಜಕ್ಕೆ ತಲೆಯಿಟ್ಟು, ಬಾಯಿ ತೆರೆದು, ಹುಡುಗ ಸತ್ತಂತೆ ನಿದ್ದೆ ಹೋಗಿದ್ದ. ಅತ್ತೆ ಕೈ ಚಾಚಿ ಮೈಕಿನ ಗುಂಡಿ ಆರಿಸಿದರು.

ಅವತ್ತು ಮಧ್ಯಾಹ್ನ ಉಂಡು ಎದ್ದ ಮೇಲೆ ಅವನು ಅಮ್ಮನ ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. ಊದಿದ ಮಂಡಿ ನೋಡಿ ಅವನ ಕೈ ನಿಂತಿತು.

"ದೊಡ್ಡ ರಸ್ತೆವರೆಗೂ ನಡ್ಕೊಂಡೇ ಹೋಗ್ತೀಯಂತೆ. ಅತ್ತಿಗೆ ಹೇಳಿದ್ರು. ಬಸ್ ಬೇಕು ಅಂತ ಯಾಕಮ್ಮಾ ಕೇಳಲ್ಲ?"

"ನೀನು ಅಲ್ಲಿ ಅಷ್ಟು ಕಷ್ಟ ಪಡ್ತಾ ಇರ್ವಾಗ, ನಾನು ಇಲ್ಲಿ ಬಸ್ಸು ಗಿಸ್ಸು ಅಂತ ಬೀಗದವರನ್ನ ಪೀಡಿಸ್ಲಾ? ಅವರು ಕೈ ಬಿಟ್ರೆ ನಿನ್ನ ಗತಿ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಮ್ಮನ ಪಾದ ಗಟ್ಟಿಯಾಗಿ ಹಿಡಿದುಕೊಂಡ.

"ಅಮ್ಮಾ, ಅಲ್ಲಿ ನನ್ನ ಪಕ್ಕ ನಿಲ್ಲೋನ ಮನೆಯವರು ಬಕೆಟ್ಟಿಗೆ ಹಾಕ್ತಾರೆ. ಅವನೂ ನಾನೂ ಒಂದೇ ತಟ್ಟೇಲಿ ಉಣ್ತೀವಿ. ನೀನು ಬಸ್ ಕೇಳಿದ್ರೆ ಗಡಿ ಏನೂ ಅಲ್ಲಾಡಲ್ಲ. ನೀನು ಹೀಗೆ ಕುಂಟ್ಕೊಂಡು ನಡೀತಿದ್ದೀಯ ಅಂತ ಗೊತ್ತಾದ್ರೆ, ಅಲ್ಲಿ ನಾನೇ ಅಲ್ಲಾಡಿಹೋಗ್ತೀನಿ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಇನ್ನೊಂದು ಮಂಡಿಗೂ ತಿಕ್ಕು ಎಂದು ಕಾಲು ಬದಲಿಸಿದರು.

ಮಾರನೆಯ ದಿನ ಬೀಗದ ಅಭ್ಯರ್ಥಿಯೇ ನಮ್ಮ ಮನೆಗೆ ಬಂದ, ಯೋಧನ ತಾಯಿಯ ಜತೆ ಫೋಟೋ ತೆಗೆಸಿಕೊಳ್ಳಲು. ಅತ್ತೆ ನಗುನಗುತ್ತಾ ಕುರ್ಚಿ ಕೊಟ್ಟರು. ಕ್ಯಾಮೆರಾ ಎತ್ತುವಷ್ಟರಲ್ಲಿ, "ಗಡಿ ವಿಷಯ ಕೇಳಿದ್ದಾಯ್ತು ಸಾರ್. ಗಾಡಿ ಯಾವಾಗ?" ಎಂದರು. ಅವನ ನಗು ಹಲ್ಲಿನ ಮೇಲೆಯೇ ಒಣಗಿತು. ಸಂಜೆ ಬಕೆಟ್ಟಿನ ಅಭ್ಯರ್ಥಿ ಬಂದಳು. ಅವಳಿಗೂ ಅದೇ ಕುರ್ಚಿ, ಅದೇ ಪ್ರಶ್ನೆ. ಊರಿನಲ್ಲಿ ಆಮೇಲೆ ಬೀದಿಬೀದಿಯಲ್ಲೂ ಅದೇ ಆಯಿತು. ಭಾಷಣ ಗಡಿಗೆ ತಲುಪಿದ ಕೂಡಲೇ ಹಿಂದಿನ ಸಾಲಿನಿಂದ ಯಾರಾದರೊಬ್ಬರು "ದೀರ್ಘ! ದೀರ್ಘ!" ಎಂದು ಕೂಗುವರು. ಗೋಡೆ ಅಳಿಸಲು ಸುಣ್ಣದ ಡಬ್ಬ ಹಿಡಿದು ಬಂದವರನ್ನು ಬೆಂಚಿನ ಮಂದಿ ಓಡಿಸಿಬಿಟ್ಟರು. ಬಕೆಟ್ಟಿನವರು ಎದುರು ಗೋಡೆಗೆ 'ಗಾಡಿ ತರುವವರು ನಾವು' ಎಂದು ಬರೆಸಿದರು. ನಾನು ಏಣಿ ಹಿಡಿದು ಕೆಳಗಿನಿಂದ, "ಈ ಸಲ ದೀರ್ಘ ಮರೀಬೇಡಿ" ಎಂದು ಕಾಲೆಳೆದೆ.

ಮತದಾನದ ದಿನ ಮೈದುನ ಇನ್ನೂ ರಜೆಯಲ್ಲಿದ್ದ. ಅಮ್ಮನನ್ನು ತೋಳು ಹಿಡಿದು ಮತಗಟ್ಟೆಗೆ ಕರೆದೊಯ್ದ. ಬೇರೆ ಚುನಾವಣೆಗಳಲ್ಲಾದರೆ ಅತ್ತೆ ಸಾಲಿನಲ್ಲಿ ನಿಂತಾಗಲೇ ತಮ್ಮ ಮತ ಯಾರಿಗೆಂದು ಹಿಂದೆ ಮುಂದೆ ಇದ್ದವರಿಗೆಲ್ಲ ಸಾರಿ ಹೇಳುತ್ತಿದ್ದರು. ಈ ಸಲ ಬಾಯಿಗೆ ಬೀಗ. ಒಳಗೆ ಬಹಳ ಹೊತ್ತು ಇದ್ದರು. ಎಷ್ಟು ಹೊತ್ತೆಂದರೆ ಅಧಿಕಾರಿ ಕೆಮ್ಮಿ ನೋಡಿದ. ಆಚೆ ಬಂದಾಗ ಮುಖದ ಮೇಲೊಂದು ಕಳೆ, ಬೆರಳ ಮೇಲೆ ಶಾಯಿ.

ಮೈಕಾಸುರ ಗೇಟಿನಾಚೆ ಕೈಮುಗಿದು ನಿಂತಿದ್ದ. "ದೊಡ್ಡಮ್ಮಾ, ನಮಗೇ ತಾನೆ?" ಎಂದ.

ಅತ್ತೆ ಅವನನ್ನು ಹತ್ತಿರ ಕರೆದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಅದು ದೇಶದ ಭದ್ರತೆಯ ವಿಷಯ ಕಣಪ್ಪಾ. ಹೊರಗೆ ಹೇಳೋ ಹಾಗಿಲ್ಲ."